ರಿಪೇರಿಯೂ ಪ್ರಾಜೆಕ್ಟ್ ಆಗಬಾರದೇಕೆ?

"ಲೇ, ನಿನ್ನ ಪ್ರೋಗ್ರಾಮಲ್ಲಿ ನಮ್ಮ ಕೋಟೇನೇ ಇಲ್ವಲ್ಲೇ!"

ಎಚ್.ಡಿ. ಕೋಟೆ ಕಡೆಯಿಂದ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದ ಗೆಳತಿ ಹೀಗೆ ಅಂದಾಗ ಲ್ಯಾಬಿನಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಬಿಸಿಎ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಒಪ್ಪಿಸಲು ನಾಲ್ಕೇ ದಿನ ಬಾಕಿ ಇತ್ತು.

ನಾವು ನಾಲ್ವರ ತಂಡ. ನಾನು ಹುಣಸೂರಿನವಳು, ಒಬ್ಬ ಪಿರಿಯಾಪಟ್ಟಣದವನು, ಒಬ್ಬಳು ಕೆ.ಆರ್. ನಗರದವಳು, ಇನ್ನೊಬ್ಬಳು ಈ ಕೋಟೆಯವಳು. ನಾಲ್ಕೂ ತಾಲ್ಲೂಕಿನ ಊರುಗಳ ಹೆಸರು, ಸಂತೆಯ ದಿನ, ಹತ್ತಿರದ ಆಸ್ಪತ್ರೆ, ಬಸ್ಸಿನ ವಿವರ ಎಲ್ಲವೂ ಕನ್ನಡದಲ್ಲೇ ಸಿಗುವಂತೆ ಒಂದು ಡೇಟಾಬೇಸ್ ಮಾಡುವುದು ನಮ್ಮ ಪ್ರಾಜೆಕ್ಟು. ಒಂದಷ್ಟು ಹೆಸರುಗಳನ್ನು ನಾವೇ ಟೈಪ್ ಮಾಡಿದೆವು. ಉಳಿದವು ಪರಿಚಯದ ಡಿಟಿಪಿ ಅಂಗಡಿಯಿಂದ ಹಳೆಯ ಫಾಂಟಿನಲ್ಲಿ ಸಿಕ್ಕವು. ಎಲ್ಲೋ ಸಿಕ್ಕ ಒಂದು ಕನ್ವರ್ಟರಿನಿಂದ ಅವನ್ನು ಯೂನಿಕೋಡಿಗೆ ಬದಲಾಯಿಸಿಕೊಂಡೆವು.

ಹುಡುಕುವ ಜಾಗದಲ್ಲಿ 'ಹುಣಸೂರು' ಎಂದು ಹಾಕಿದರೆ ಹುಣಸೂರಿನ ಎಲ್ಲ ಸಾಲುಗಳೂ ಬಂದವು. 'ಪಿರಿಯಾಪಟ್ಟಣ' ಬಂತು, 'ಕೃಷ್ಣರಾಜನಗರ' ಬಂತು. 'ಹೆಗ್ಗಡದೇವನಕೋಟೆ' ಎಂದು ಹಾಕಿದರೆ ಮಾತ್ರ ನಾವು ಕೈಯಾರೆ ಟೈಪ್ ಮಾಡಿದ ಕೆಲವು ಸಾಲುಗಳು ಬಂದು, ಉಳಿದವೆಲ್ಲ ಮಾಯ. ಪಟ್ಟಿ ತೆರೆದು ಕಣ್ಣಾಡಿಸಿದರೆ ಹೆಸರು ಅಲ್ಲೇ ಇದೆ. ಅಕ್ಷರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು. ಬೈಲಕುಪ್ಪೆಯದೂ ಅದೇ ಕಥೆ.

ಮೂರು ದಿನ ತಲೆ ಕೆಡಿಸಿಕೊಂಡೆವು. ಕೊನೆಗೆ ಮೇಷ್ಟ್ರು, "ನೋಡ್ರಮ್ಮ, ಸುಮ್ಮನೆ ಇಂಗ್ಲಿಷಲ್ಲಿ ಹಾಕ್ಬಿಡಿ. ವೈವಾ ಮುಗಿದ್ರೆ ಸಾಕು" ಅಂದರು. ಅವರನ್ನು ದೂರುತ್ತಿಲ್ಲ, ಅವರಿಗೆ ಇನ್ನೂ ಹತ್ತಾರು ತಂಡಗಳನ್ನು ನೋಡಬೇಕಿತ್ತು. ನಾವು ಇಂಗ್ಲಿಷಿನಲ್ಲಿ ಹಾಕಿದೆವು. ಅಂಕವೂ ಚೆನ್ನಾಗಿಯೇ ಬಂತು. ಆದರೆ ಮೂರು ವರ್ಷದ ಓದಿನಲ್ಲಿ ನನಗೆ ಎದುರಾದ ಒಂದೇ ಒಂದು ನಿಜವಾದ ಸಮಸ್ಯೆಯನ್ನು ಮುಚ್ಚಿಟ್ಟು ಪಾಸಾದೆ ಎನ್ನುವುದು ಈಗಲೂ ಚುಚ್ಚುತ್ತದೆ.

ನಾಲ್ಕೋ, ಐದೋ?

ಉತ್ತರ ಸಿಕ್ಕಿದ್ದು ಡಿಗ್ರಿ ಮುಗಿದು ಕೆಲಸ ಹುಡುಕುತ್ತಾ ಮನೆಯಲ್ಲಿ ಕೂತಿದ್ದಾಗ. ಹಳೆಯ ಡೇಟಾ ತೆರೆದು, ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಎಣಿಸುವ 'ಲೆಂತ್' ಫಂಕ್ಷನ್ನನ್ನು ಎರಡು 'ಕೋಟೆ'ಗಳ ಮೇಲೆ ಓಡಿಸಿದೆ. ಒಂದಕ್ಕೆ 4 ಎಂದಿತು, ಇನ್ನೊಂದಕ್ಕೆ 5 ಎಂದಿತು!

ಸಂಗತಿ ಇಷ್ಟೇ. ನಾವು ಟೈಪ್ ಮಾಡಿದ 'ಕೋಟೆ'ಯಲ್ಲಿ ಕ, ಓಕಾರದ ಒಂದು ಚಿಹ್ನೆ, ಟ, ಎಕಾರದ ಚಿಹ್ನೆ, ಹೀಗೆ ನಾಲ್ಕು ಸಂಕೇತ. ಹಳೆಯ ಡಿಟಿಪಿ ಫಾಂಟುಗಳು ಅಕ್ಷರವನ್ನು ತುಂಡುಗಳಾಗಿ ಜೋಡಿಸುತ್ತಿದ್ದವು. ದೀರ್ಘದ ಗುರುತು ಅಲ್ಲಿ ಬೇರೆಯೇ ತುಂಡು. ಕನ್ವರ್ಟರು ಅದನ್ನು ಹಾಗೇ ಬಿಟ್ಟಿತ್ತು. ಹಾಗಾಗಿ ಕ, ಒಕಾರ, ದೀರ್ಘ, ಟ, ಎಕಾರ ಎಂದು ಐದು ಸಂಕೇತ. ಯೂನಿಕೋಡ್ ನಿಯಮದ ಪ್ರಕಾರ ಎರಡೂ ಸಮಾನ. ತೆರೆಯ ಮೇಲೂ ಒಂದೇ ಥರ ಕಾಣುತ್ತವೆ. ಆದರೆ ಒಂದೊಂದೇ ಸಂಕೇತವನ್ನು ಹೋಲಿಸುವ ಡೇಟಾಬೇಸಿಗೆ ಅವು ಎರಡು ಬೇರೆ ಪದಗಳು. ಈ, ಏ, ಐ, ಒ, ಓ ಸ್ವರ ಚಿಹ್ನೆಗಳನ್ನು ಮಾತ್ರ ಹೀಗೆ ಬಿಡಿಸಿ ಬರೆಯಲು ಸಾಧ್ಯ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಎಂಬ ಹೆಸರುಗಳಲ್ಲಿ ಇವು ಯಾವುವೂ ಇಲ್ಲ. ಹೆಗ್ಗಡದೇವನಕೋಟೆಯಲ್ಲಿ 'ದೇ', 'ಕೋ' ಎರಡೂ ಇವೆ, ಬೈಲಕುಪ್ಪೆಯಲ್ಲಿ 'ಬೈ' ಇದೆ. ಕೋಟೆಯೊಂದೇ ಕಳೆದುಹೋಗಿದ್ದು ಇದೇ ಕಾರಣಕ್ಕೆ.

ಪೋಸ್ಟ್‌ಗ್ರೆಸ್ ಎಂಬ ಓಪನ್ ಸೋರ್ಸ್ ಡೇಟಾಬೇಸಿನಲ್ಲಿ ಇದಕ್ಕೆ ಮದ್ದೂ ಇತ್ತು. 2020ರಲ್ಲಿ ಬಂದ ಅದರ 13ನೇ ಆವೃತ್ತಿಯಲ್ಲಿ 'ನಾರ್ಮಲೈಸ್' ಎಂಬ ಫಂಕ್ಷನ್ ಸೇರಿದೆ. ಬಿಡಿಸಿ ಬರೆದಿದ್ದನ್ನು ಅದು ಕೂಡಿಸಿ ಒಂದೇ ರೂಪಕ್ಕೆ ತರುತ್ತದೆ. ಒಂದು ಸಾಲಿನ ಕೆಲಸ. ಆ ಒಂದು ಸಾಲು ಗೊತ್ತಿಲ್ಲದೆ ನಾವು ಕನ್ನಡವನ್ನೇ ಕೈಬಿಟ್ಟಿದ್ದೆವು.

ಈ ಅನುಭವದ ಬಲದಿಂದ ಒಂದು ಮಾತು ಹೇಳುತ್ತೇನೆ. ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಎಂದರೆ ಹೊಸದಾಗಿ ಏನೋ ಒಂದನ್ನು 'ಮಾಡಿ ತೋರಿಸುವುದು' ಎಂದೇ ಇದೆ. ಇರುವುದನ್ನು ರಿಪೇರಿ ಮಾಡುವುದಕ್ಕೂ ಅಷ್ಟೇ ಅಂಕ ಸಿಗಬೇಕು.

ಎಲ್ಲರದೂ ಅದೇ ಲೈಬ್ರರಿ

ಪ್ರಾಜೆಕ್ಟುಗಳ ಹಣೆಬರಹ ಓದುಗರಿಗೆ ಗೊತ್ತೇ ಇದೆ. ಲೈಬ್ರರಿ ಮ್ಯಾನೇಜ್‌ಮೆಂಟ್, ಹಾಸ್ಟೆಲ್ ಮ್ಯಾನೇಜ್‌ಮೆಂಟ್, ಆಸ್ಪತ್ರೆ ಮ್ಯಾನೇಜ್‌ಮೆಂಟ್. ಸೀನಿಯರ್ ಕೊಟ್ಟಿದ್ದಕ್ಕೆ ಬಣ್ಣ ಬದಲಿಸಿ ಒಪ್ಪಿಸುವವರಿದ್ದಾರೆ, ದುಡ್ಡು ಕೊಟ್ಟು ತರುವವರೂ ಇದ್ದಾರೆ. ವೈವಾ ಮುಗಿದ ಮರುದಿನ ಆ ಪ್ರಾಜೆಕ್ಟನ್ನು ಯಾರೂ ತೆರೆಯುವುದಿಲ್ಲ, ಮಾಡಿದವರೂ ತೆರೆಯುವುದಿಲ್ಲ. ಆಮೇಲೆ ಸಂದರ್ಶನದಲ್ಲಿ "ನೀನು ಏನು ಮಾಡಿದ್ದೀಯಮ್ಮ?" ಎಂದು ಕೇಳಿದರೆ ಹೇಳಲು ಏನೂ ಇರುವುದಿಲ್ಲ.

ನಮ್ಮ ಕಡೆ ತಂಬಾಕು ಬೆಳೆಯುವ ಮನೆಗಳಲ್ಲಿ ಪ್ರತಿ ವರ್ಷ ಹೊಸ ಬ್ಯಾರನ್ ಕಟ್ಟುವುದಿಲ್ಲ. ಸೊಪ್ಪು ಬೇಯಿಸುವ ಕಾಲ ಬರುವ ಮೊದಲು ಇರುವ ಬ್ಯಾರನ್ನಿನ ಗೋಡೆ, ಕೊಳವೆ, ಮಾಡು ನೋಡಿ ಸರಿಪಡಿಸುತ್ತಾರೆ. ಎಲ್ಲಿ ಹೊಗೆ ಸೋರುತ್ತಿದೆ ಎಂದು ಕಂಡುಹಿಡಿಯುವವನಿಗೆ ಊರಿನಲ್ಲಿ ಮರ್ಯಾದೆ ಇದೆ. ಕಂಪ್ಯೂಟರಿನ ಲೋಕದಲ್ಲೂ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರ ಪಾಲಿಗೆ ಮೊದಲು ಬರುವುದು ಯಾರೋ ಬರೆದ ಹಳೆಯ ಕೋಡನ್ನು ಓದಿ ತಪ್ಪು ಹುಡುಕುವ ಕೆಲಸವೇ. ಅದನ್ನು ಕಾಲೇಜಿನಲ್ಲಿ ಕಲಿಸುವುದೇ ಇಲ್ಲ.

ಕನ್ನಡದ ಸ್ವರ ಚಿಹ್ನೆಗಳ ಪಟ್ಟಿ

ಓಪನ್ ಸೋರ್ಸ್ ಡೇಟಾಬೇಸ್ ಎಂದರೆ ಅದರ ಒಳಗಿನ ಕೋಡನ್ನು ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು, ತಿದ್ದಬಹುದು. ಪೋಸ್ಟ್‌ಗ್ರೆಸ್ ಹುಟ್ಟಿದ್ದು 1986ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ. ಇಂದು ಅದನ್ನು ಬೆಳೆಸುತ್ತಿರುವುದು ಹಲವು ದೇಶಗಳ, ಹಲವು ಕಂಪನಿಗಳ ಜನ. ಒಂದೇ ಕಂಪನಿಯ ಸೊತ್ತಲ್ಲ.

ಅದರ ಕೋಡಿನಲ್ಲಿ, ವಾಕ್ಯವನ್ನು ಪದಗಳಾಗಿ ಒಡೆಯುವ ಭಾಗವನ್ನು ನೋಡುತ್ತಿದ್ದಾಗ ನನಗೆ ಆಶ್ಚರ್ಯ ಕಾದಿತ್ತು. ಅಲ್ಲಿ ನಮ್ಮ ಕನ್ನಡದ ಅನುಸ್ವಾರ, ವಿಸರ್ಗ, ಆಕಾರ, ಈಕಾರ, ಉಕಾರ, ಊಕಾರಗಳ ಹೆಸರುಗಳು ಸಾಲಾಗಿ ಇವೆ. ಪಕ್ಕದಲ್ಲೇ ದೇವನಾಗರಿ, ತಮಿಳು, ತೆಲುಗು, ಮಲಯಾಳ ಚಿಹ್ನೆಗಳೂ ಇವೆ. ಏಕೆ? ಇಂಗ್ಲಿಷಿನಂಥ ಭಾಷೆಯಲ್ಲಿ 'ಅಕ್ಷರ ಅಲ್ಲದ್ದು ಬಂದರೆ ಪದ ಮುಗಿಯಿತು' ಎಂಬ ನಿಯಮ ಸಾಕು. ನಮ್ಮ ಸ್ವರ ಚಿಹ್ನೆಗಳು ಯೂನಿಕೋಡಿನ ಲೆಕ್ಕದಲ್ಲಿ 'ಅಕ್ಷರ' ವರ್ಗಕ್ಕೆ ಸೇರುವುದಿಲ್ಲ, ಅಕ್ಷರಕ್ಕೆ ಅಂಟುವ 'ಗುರುತು'ಗಳ ವರ್ಗಕ್ಕೆ ಸೇರುತ್ತವೆ. ಆ ನಿಯಮವನ್ನು ಕುರುಡಾಗಿ ಹಚ್ಚಿದರೆ 'ಹುಣಸೂರು' ಎಂಬ ಒಂದು ಪದ 'ಹ', 'ಣಸ', 'ರ' ಎಂದು ಮೂರು ಚೂರಾಗುತ್ತದೆ. ಹುಣಸೂರನ್ನು ಹುಡುಕಿದವನಿಗೆ ಏನು ಸಿಗಬೇಕು?

ಇವು ಪದ ಒಡೆಯುವ ಗುರುತುಗಳಲ್ಲ ಎಂದು ಪ್ರೋಗ್ರಾಮಿಗೆ ಹೇಳಲು ಆ ಪಟ್ಟಿ ಇದೆ. ಇಕಾರ, ಎಕಾರ, ಔಕಾರ ಮತ್ತು ಅರ್ಧಾಕ್ಷರದ ಗುರುತು ಪಟ್ಟಿಯಲ್ಲಿಲ್ಲ. ತೆರೆಯಲ್ಲಿ ಸ್ವಂತ ಜಾಗ ತೆಗೆದುಕೊಳ್ಳದ ಗುರುತುಗಳೆಂದು ಯೂನಿಕೋಡ್ ಅವನ್ನು ಬೇರೆ ಗುಂಪಿನಲ್ಲಿಟ್ಟಿದೆ, ಅವುಗಳನ್ನು ನೋಡಿಕೊಳ್ಳಲು ಬೇರೆ ನಿಯಮವಿದೆ. ಇಷ್ಟು ಸಣ್ಣ ವಿವರಕ್ಕೆ ಯಾರೋ ತಲೆ ಹಾಕಿದ್ದರಿಂದ ಇಂದು ಕನ್ನಡದ ಪದಗಳು ಇಡಿಯಾಗಿ ಉಳಿಯುತ್ತವೆ. ಇದು ರಾಕೆಟ್ ವಿಜ್ಞಾನವೇನಲ್ಲ. ಕಾಗುಣಿತ ಬಲ್ಲವರು ನೋಡಿದರೆ ಅರ್ಥವಾಗುವ ತಪ್ಪು. ಆದರೆ ಕಾಗುಣಿತ ಬಲ್ಲವರು ನೋಡಬೇಕು!

ಒಂದು ಕಂಪ್ಯೂಟರಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು

ಬಗ್‌ಗಳಲ್ಲಿ ಇನ್ನೊಂದು ಜಾತಿ ಇದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುವುದು ಕಾಲೇಜಿನ ಲ್ಯಾಬಿನಲ್ಲಿ ಮುಗ್ಗರಿಸುತ್ತದೆ. 'ನಮ್ಮನೇಲಿ ಓಡ್ತಿತ್ತು ಸಾರ್' ಎಂದು ವೈವಾದಲ್ಲಿ ಹೇಳದವರು ಯಾರಿದ್ದಾರೆ? ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ, ಒಂದು ಆಪರೇಟಿಂಗ್ ಸಿಸ್ಟಮ್ಮಿನಿಂದ ಇನ್ನೊಂದಕ್ಕೆ ಒಯ್ದಾಗ ಏಳುವ ಈ ತೊಂದರೆಗೆ ಪೋರ್ಟಬಿಲಿಟಿ ಸಮಸ್ಯೆ ಎನ್ನುತ್ತಾರೆ.

ಅಕಾರಾದಿ ಕ್ರಮವನ್ನೇ ತೆಗೆದುಕೊಳ್ಳಿ. ಕಳಸ, ಕವಡೆ, ಕಹಳೆ ಎಂಬ ಮೂರು ಪದಗಳಿವೆ. ನಿಘಂಟಿನಲ್ಲಿ 'ಳ' ಬರುವುದು 'ಹ' ಆದ ಮೇಲೆ. ಹಾಗಾಗಿ ಕವಡೆ, ಕಹಳೆ, ಕಳಸ ಎಂಬುದು ಸರಿಯಾದ ಕ್ರಮ. ಯೂನಿಕೋಡಿನ ಸಂಖ್ಯೆಗಳಲ್ಲಿ 'ಳ'ಗೆ 'ಲ'ದ ಪಕ್ಕದಲ್ಲೇ ಜಾಗ ಕೊಟ್ಟಿದ್ದಾರೆ. ಬರೀ ಸಂಖ್ಯೆ ನೋಡಿ ಜೋಡಿಸಿದರೆ ಕಳಸವೇ ಮೊದಲು ಬರುತ್ತದೆ. ಯಾವ ಕ್ರಮ ಬೇಕೆಂದು ಪೋಸ್ಟ್‌ಗ್ರೆಸ್ ಬಹುಕಾಲ ಆಪರೇಟಿಂಗ್ ಸಿಸ್ಟಮ್ಮನ್ನೇ ಕೇಳುತ್ತಿತ್ತು. ಹಾಗಾಗಿ ವಿಂಡೋಸಿನಲ್ಲಿ ಒಂದು ಕ್ರಮ, ಲಿನಕ್ಸಿನಲ್ಲಿ ಇನ್ನೊಂದು ಕ್ರಮ ಬರುವುದಕ್ಕೆ ಅವಕಾಶವಿತ್ತು.

ಕ್ರಮ ತಪ್ಪಿದರೆ ಪಟ್ಟಿ ನೋಡಲು ಚೆಂದವಿಲ್ಲ, ಅಷ್ಟೇ ಎಂದುಕೊಳ್ಳಬೇಡಿ. ಡೇಟಾಬೇಸ್ ಬೇಗ ಹುಡುಕಲು ಇಂಡೆಕ್ಸ್ ಇಟ್ಟುಕೊಂಡಿರುತ್ತದೆ. ನಿಘಂಟಿನ ಪುಟ ತಿರುವುವಂತೆ ಕ್ರಮವನ್ನು ನಂಬಿಯೇ ಅದು ಹುಡುಕುವುದು. 2018ರಲ್ಲಿ ಲಿನಕ್ಸಿನ ಮೂಲಭೂತ ಸಿ ಲೈಬ್ರರಿಯ 2.28ನೇ ಆವೃತ್ತಿ ಅಕಾರಾದಿಯ ನಿಯಮಗಳನ್ನು ದೊಡ್ಡ ಪ್ರಮಾಣದಲ್ಲಿ ಬದಲಿಸಿತು. ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಮಾಡಿದವರ ಡೇಟಾಬೇಸಿನಲ್ಲಿ ಇಂಡೆಕ್ಸ್ ಹಳೆಯ ಕ್ರಮದಲ್ಲಿತ್ತು, ಹುಡುಕಾಟ ಹೊಸ ಕ್ರಮದಲ್ಲಿ ನಡೆಯಿತು. ಇರುವ ದಾಖಲೆಯನ್ನೇ 'ಇಲ್ಲ' ಎನ್ನುವುದು, ಎರಡು ಬಾರಿ ಇರಬಾರದ ಹೆಸರು ಎರಡು ಬಾರಿ ಸೇರಿಕೊಳ್ಳುವುದು, ಇಂಥ ತೊಂದರೆಗಳು ಶುರುವಾದವು. ಇಂಡೆಕ್ಸನ್ನು ಹೊಸದಾಗಿ ಕಟ್ಟದೆ ಬೇರೆ ದಾರಿಯಿರಲಿಲ್ಲ.

ಇದಕ್ಕೆ ಪರಿಹಾರ ಒಂದೇ ದಿನದಲ್ಲಿ ಬರಲಿಲ್ಲ. 2017ರ 10ನೇ ಆವೃತ್ತಿಯಲ್ಲೇ ಐಸಿಯು ಎಂಬ ಲೈಬ್ರರಿಯ ನೆರವು ಪಡೆಯುವ ವ್ಯವಸ್ಥೆ ಬಂದಿತ್ತು (ಆಸ್ಪತ್ರೆಯ ಐಸಿಯು ಅಲ್ಲ, ಯೂನಿಕೋಡ್ ಕೆಲಸಕ್ಕೆಂದೇ ಇರುವ ಓಪನ್ ಸೋರ್ಸ್ ಲೈಬ್ರರಿ). 2024ರ 17ನೇ ಆವೃತ್ತಿಯಲ್ಲಿ ಆಪರೇಟಿಂಗ್ ಸಿಸ್ಟಮ್ಮನ್ನು ಕೇಳದೆ ಎಲ್ಲೆಡೆ ಒಂದೇ ಥರ ನಡೆಯುವ, ಸಂಕೇತ ಸಂಖ್ಯೆಯ ಕ್ರಮವನ್ನು ಅನುಸರಿಸುವ ಒಳಗಿನ ವ್ಯವಸ್ಥೆಯೂ ಸೇರಿತು. ಏಳು ವರ್ಷದಲ್ಲಿ ಹಂತ ಹಂತವಾಗಿ ನಡೆದ ರಿಪೇರಿ ಇದು.

ಮೈಎಸ್‌ಕ್ಯೂಎಲ್ ಕಥೆಯೂ ಇಂಥದ್ದೇ. ಅದರ ಹಳೆಯ 'ಯುಟಿಎಫ್8' ಒಂದು ಅಕ್ಷರಕ್ಕೆ ಹೆಚ್ಚೆಂದರೆ ಮೂರು ಬೈಟ್ ಜಾಗ ಕೊಡುತ್ತಿತ್ತು. ಕನ್ನಡದ ಅಕ್ಷರಕ್ಕೆ ಸರಿಯಾಗಿ ಮೂರು ಬೈಟ್ ಬೇಕು, ಹಾಗಾಗಿ ನಾವು ಬಚಾವ್. ಆದರೆ 2024ರಲ್ಲಿ ಯೂನಿಕೋಡಿಗೆ ಸೇರಿದ ತುಳು-ತಿಗಳಾರಿ ಲಿಪಿಗೆ ನಾಲ್ಕು ಬೈಟ್ ಬೇಕು. ನಾಲ್ಕು ಬೈಟ್ ಹಿಡಿಸುವ 'ಯುಟಿಎಫ್8ಎಂಬಿ4' ಬಂದದ್ದು 2010ರಲ್ಲಿ. ಹಳೆಯ ಪುಸ್ತಕ ನೋಡಿ ಬರೀ 'ಯುಟಿಎಫ್8' ಎಂದು ಬರೆದ ಹಳೆಯ ಡೇಟಾಬೇಸಿನಲ್ಲಿ ಮಂಗಳೂರಿನ ಗೆಳೆಯ ತನ್ನ ಹೆಸರನ್ನು ತುಳು ಲಿಪಿಯಲ್ಲಿ ಉಳಿಸಲಾರ.

ನಮ್ಮಿಂದ ಏನು ಸಾಧ್ಯ?

ಇದನ್ನೆಲ್ಲ ಓದಿ 'ನಮಗೆ ಸಿ ಭಾಷೆಯೇ ಸರಿಯಾಗಿ ಬರಲ್ಲ, ಇನ್ನು ಡೇಟಾಬೇಸ್ ರಿಪೇರಿ ಎಲ್ಲಿಂದ?' ಎಂದು ಕೇಳಬಹುದು. ನಾನೂ ಕೇಳಿಕೊಂಡೆ. ನಿಧಾನವಾಗಿ ತಿಳಿದದ್ದು: ಕೋಡ್ ಬರೆಯುವುದು ಕೊನೆಯ ಮೆಟ್ಟಿಲು.

ಮೊದಲ ಮೆಟ್ಟಿಲು, ತಪ್ಪನ್ನು ಇನ್ನೊಬ್ಬರ ಕಂಪ್ಯೂಟರಿನಲ್ಲೂ ಕಾಣುವಂತೆ ಮಾಡುವುದು. 'ಕನ್ನಡ ವರ್ಕ್ ಆಗ್ತಿಲ್ಲ' ಎಂದರೆ ಯಾರಿಗೂ ಉಪಯೋಗವಿಲ್ಲ. ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಮ್, ಏನು ಕೊಟ್ಟೆ, ಏನು ಬರಬೇಕಿತ್ತು, ಏನು ಬಂತು? ಸಾವಿರ ಸಾಲಿನ ಡೇಟಾ ಬೇಡ, ಎರಡು ಸಾಲಿನಲ್ಲಿ ತೋರಿಸಿ. ನಮ್ಮ ಪ್ರಾಜೆಕ್ಟಿನಲ್ಲಿ ಆ ಎರಡು 'ಕೋಟೆ'ಗಳನ್ನು ಮಾತ್ರ ಪಕ್ಕಪಕ್ಕ ಇಟ್ಟು ನೋಡಿದ್ದರೆ ಮೂರು ದಿನ ಹೋಗುತ್ತಿರಲಿಲ್ಲ, ಮೂರು ಗಂಟೆಯಲ್ಲಿ ಮುಗಿಯುತ್ತಿತ್ತು.

ಎರಡನೆಯದು, ತಪ್ಪು ಯಾರದು ಎಂದು ನೋಡುವುದು. ಡೇಟಾದ್ದೋ, ನಮ್ಮ ಪ್ರೋಗ್ರಾಮಿನದ್ದೋ, ಡೇಟಾಬೇಸಿನದ್ದೋ, ಆಪರೇಟಿಂಗ್ ಸಿಸ್ಟಮ್ಮಿನದ್ದೋ? ನಮ್ಮದು ಡೇಟಾದ ತಪ್ಪು, ಡೇಟಾಬೇಸಿನದ್ದಲ್ಲ. 'ಎಚ್.ಡಿ. ಕೋಟೆ' ಎಂದು ಒಬ್ಬರು, 'ಹೆಚ್.ಡಿ.ಕೋಟೆ' ಎಂದು ಇನ್ನೊಬ್ಬರು ಬರೆಯುತ್ತಾರಲ್ಲ, ಅದನ್ನು ಯಾವ ಯೂನಿಕೋಡ್ ನಿಯಮವೂ ಸರಿಮಾಡದು. ಅದು ಮನುಷ್ಯರು ಕೂತು ತೀರ್ಮಾನಿಸಬೇಕಾದ ವಿಷಯ. ಈ ವಿವೇಚನೆ ಬಂದರೆ ಅರ್ಧ ಎಂಜಿನಿಯರ್ ಆದಂತೆ.

ಮೂರನೆಯದು, ಪರೀಕ್ಷೆ. ಪೋಸ್ಟ್‌ಗ್ರೆಸ್ ಕೋಡಿನ ಜೊತೆಗೇ ಪರೀಕ್ಷೆಗಳ ದೊಡ್ಡ ಕಟ್ಟು ಬರುತ್ತದೆ. ಅದನ್ನು ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್, ಬೇರೆ ಬೇರೆ ಪ್ರೊಸೆಸರ್‌ಗಳ ಮೇಲೆ ಓಡಿಸಲು ಸ್ವಯಂಸೇವಕರ ಕಂಪ್ಯೂಟರುಗಳ ಜಾಲವೇ ಇದೆ. ಅಲ್ಲಿನ ಒಂದೊಂದು ಕಂಪ್ಯೂಟರಿಗೂ ಒಂದೊಂದು ಪ್ರಾಣಿಯ ಹೆಸರು. ನಾಗರಹೊಳೆ ಪಕ್ಕದ ನಮಗೆ ಇದು ಇಷ್ಟವಾಗದೆ ಇರುತ್ತದೆಯೇ? ಬೇರೆಯವರು ಕಳುಹಿಸಿದ ತಿದ್ದುಪಡಿಯನ್ನು ನಮ್ಮ ಕಂಪ್ಯೂಟರಿನಲ್ಲಿ ಹಾಕಿ, ಓಡಿತೇ ಇಲ್ಲವೇ ಎಂದು ವರದಿ ಕೊಡುವುದೂ ಅಲ್ಲಿ ಗೌರವದ ಕೆಲಸ. ತಿದ್ದುಪಡಿ ಕಳುಹಿಸಿದವರು ಇನ್ನೊಬ್ಬರ ತಿದ್ದುಪಡಿಯನ್ನೂ ನೋಡಿಕೊಡಬೇಕು ಎಂಬ ರೂಢಿಯಿದೆ, ನಮ್ಮಲ್ಲಿ ಮುಯ್ಯಾಳು ಇದ್ದ ಹಾಗೆ. ಕೈಪಿಡಿಯಲ್ಲಿನ ತಪ್ಪು ವಾಕ್ಯ ತಿದ್ದಿದರೂ ಅದು ಲೆಕ್ಕಕ್ಕೆ ಬರುತ್ತದೆ.

ಕೇಳಿಬರುವ ಆಕ್ಷೇಪ

'ಇದರಿಂದ ಕೆಲಸ ಸಿಗುತ್ತಾ?' ಎಂದು ನಮ್ಮ ತಂದೆಯೂ ಕೇಳಿದರು. ಗ್ಯಾರಂಟಿ ಇಲ್ಲ ಎಂಬುದೇ ಪ್ರಾಮಾಣಿಕ ಉತ್ತರ. ನನಗೇ ಇನ್ನೂ ಸಿಕ್ಕಿಲ್ಲ. ಆದರೆ ನಾನು ಬರೆದ ವರದಿ, ಅದಕ್ಕೆ ಬಂದ ಪ್ರಶ್ನೆ, ನಾನು ಕೊಟ್ಟ ಉತ್ತರ ಎಲ್ಲವೂ ಯಾರು ಬೇಕಾದರೂ ನೋಡುವಂತೆ ಇದ್ದರೆ, ಬೆಂಗಳೂರಿನ ಸಂದರ್ಶನದಲ್ಲಿ ನನ್ನ ಕಾಲೇಜಿನ ಹೆಸರಿಗಿಂತ ಅದಕ್ಕೆ ಹೆಚ್ಚು ತೂಕ ಬರಬಹುದೆಂಬ ನಂಬಿಕೆ ನನಗಿದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. 'ಬಿಟ್ಟಿ ಕೆಲಸ ಮಾಡಲು ನಗರದ ಮಕ್ಕಳಿಗೆ ಪುರುಸೊತ್ತಿದೆ. ಸಂಜೆ ಮನೆಗೆ ಬಂದರೆ ಹಸು, ಸೊಪ್ಪು, ಅಡುಗೆ. ಕಾಡಂಚಿನ ಊರುಗಳಲ್ಲಿ ಕರೆಂಟು, ನೆಟ್‌ವರ್ಕ್ ನಂಬುವ ಹಾಗಿಲ್ಲ. ನಮಗೆಲ್ಲಿ ಸಾಧ್ಯ?' ಇದು ನಿಜ. ಅದಕ್ಕೇ ನಾನು ವಿದ್ಯಾರ್ಥಿಗಳಿಗೆ 'ರಾತ್ರಿ ನಿದ್ದೆಗೆಟ್ಟು ಮಾಡಿ' ಎಂದು ಹೇಳುತ್ತಿಲ್ಲ. ಕಾಲೇಜುಗಳಿಗೆ ಹೇಳುತ್ತಿದ್ದೇನೆ. ಪ್ರಾಜೆಕ್ಟಿಗೆಂದು ಒಂದು ಸೆಮಿಸ್ಟರಿನ ಸಮಯ, ಲ್ಯಾಬು, ಅಂಕ ಹೇಗೂ ಇವೆ. ಅದೇ ಸಮಯವನ್ನು ಇದಕ್ಕೆ ಕೊಡಿ. ಒಂದು ತಂಡ ಒಂದು ತಪ್ಪನ್ನು ಹಿಡಿದು, ಎರಡು ಬೇರೆ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ತೋರಿಸಿ, ಕಾರಣ ಬರೆದು, ವರದಿ ಮಾಡಿದರೆ ಪ್ರಾಜೆಕ್ಟ್ ಎಂದು ಒಪ್ಪಿಕೊಳ್ಳಿ. ತಿದ್ದುಪಡಿಯನ್ನು ಅತ್ತ ಕಡೆಯವರು ಸ್ವೀಕರಿಸಲಿಲ್ಲ ಎಂದು ಅಂಕ ಕತ್ತರಿಸಬೇಡಿ. 'ಇದು ಬಗ್ ಅಲ್ಲ, ಇಂಥ ಕಾರಣಕ್ಕೆ ಹೀಗೆ' ಎಂದು ತಿಳಿಯುವುದೂ ಓದೇ.

ಇಂಗ್ಲಿಷಿನ ಅಳುಕು ನನಗೂ ಇತ್ತು. ಆದರೆ ಬಗ್ ವರದಿಯಲ್ಲಿ ಅಲಂಕಾರದ ಇಂಗ್ಲಿಷ್ ಬೇಕಿಲ್ಲ. ಕೊಟ್ಟದ್ದಿದು, ಬಂದದ್ದಿದು ಎಂದು ಚಿಕ್ಕ ವಾಕ್ಯಗಳಲ್ಲಿ ಬರೆದರೆ ಸಾಕು. ನಮ್ಮಲ್ಲಿರುವ ಇನ್ನೊಂದು ಬಂಡವಾಳ ಅವರಲ್ಲಿ ಬಹುತೇಕರಿಗಿಲ್ಲ. ನಮಗೆ ಕನ್ನಡ ಓದಲು ಬರುತ್ತದೆ. ಕನ್ನಡದ ಪದ ಚೂರಾದರೆ ಅಮೆರಿಕದ ಎಂಜಿನಿಯರಿಗೆ ಕಾಣುವುದಿಲ್ಲ, ಸಾಲಿಗ್ರಾಮದ ಹುಡುಗಿಗೆ ಕಾಣುತ್ತದೆ. ಅವಳು ಹೇಳದಿದ್ದರೆ ಅದು ಹಾಗೇ ಉಳಿಯುತ್ತದೆ, ಮುಂದಿನ ವರ್ಷದ ತಂಡಕ್ಕೂ ಯಾರಾದರೂ 'ಇಂಗ್ಲಿಷಲ್ಲಿ ಹಾಕ್ಬಿಡಿ' ಎನ್ನುತ್ತಾರೆ.

ಕಳೆದ ವಾರ ನಮ್ಮ ಹಳೆಯ ಪ್ರಾಜೆಕ್ಟನ್ನು ಮತ್ತೆ ತೆರೆದು, ಇಂಗ್ಲಿಷ್ ತೆಗೆದು ಕನ್ನಡದ ಪಟ್ಟಿಯನ್ನೇ ಹಾಕಿ, ಆ ಒಂದು ಸಾಲು ಸೇರಿಸಿದೆ. ಹೆಗ್ಗಡದೇವನಕೋಟೆ ಎಂದು ಹುಡುಕಿದೆ. ಸಾಲುಗಳು ಒಂದರ ಹಿಂದೊಂದು ಬಂದವು. ಫೋಟೊ ತೆಗೆದು ಗೆಳತಿಗೆ ಕಳುಹಿಸಿದೆ. "ಅಂತೂ ಸಿಕ್ತಲ್ಲೇ ನಮ್ಮ ಕೋಟೆ! ಅಂಕಪಟ್ಟಿ ಬಂದ್ಮೇಲೆ" ಎಂದು ಉತ್ತರ ಬಂತು.

ನಿಮ್ಮ ಪ್ರಾಜೆಕ್ಟ್ ಇನ್ನೂ ಒಪ್ಪಿಸಿಲ್ಲ ಎಂದಾದರೆ, ಇವತ್ತೇ ಅದರಲ್ಲಿ ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಹಾಕಿ ಹುಡುಕಿ ನೋಡಿ. ಸಿಗದಿದ್ದರೆ ಬೇಸರ ಬೇಡ, ನಿಮ್ಮ ಪ್ರಾಜೆಕ್ಟ್ ಅಲ್ಲಿಂದ ಶುರುವಾಗಬಹುದು.